ಸಿಗ್ನಲ್ ಬರುವ ತನಕ

ಹೊಟ್ಟೆಯೊಳಗೆ ಏನೋ ಸರಿಯಿಲ್ಲ ಎಂದು ಇಡೊಕೊಗೆ ಹಾಸಿಗೆಯಿಂದ ಏಳುವಾಗಲೇ ಅನ್ನಿಸಿತ್ತು. ನಿನ್ನೆಯ ಒಕೊಹೊ ಸಾರು ಹಳಸಿತ್ತೇನೋ ಎಂದು ಹೆಂಡತಿಯ ಮೇಲೆ ಸಿಡುಕಿ ಪಿಕಪ್ ಹತ್ತಿದ್ದ. ಸಾರಿನದೇನೂ ತಪ್ಪಿರಲಿಲ್ಲ, ಪಾಪ. ಅದು ಅವನಿಗೂ ಗೊತ್ತಿತ್ತು. ಹೊಟ್ಟೆ ತೊಳಸುತ್ತಿದ್ದದ್ದು ಅದೆಗೊಕೆಯ ಧ್ವನಿ. ಲಾಗೋಸಿನ ಈ ಮೇಲಧಿಕಾರಿ ಯಾರನ್ನೂ ಕರೆದು ಬೈಯುವವನಲ್ಲ. ಬೈಗುಳವನ್ನು ಧ್ವನಿ ಮುದ್ರಿಸಿ ಮೊಬೈಲ್ ಟವರ್ ನೋಡಿಕೊಳ್ಳುವವರೆಲ್ಲ ಇರುವ ಫೋನ್ ಗುಂಪಿಗೆ ಹಾಕುತ್ತಿದ್ದ. "ಇಡೊಕೊ, ನೀನು ಎಂಜಿನಿಯರಾ, ಇಲ್ಲಾ ಟವರ್ ಕೆಳಗೆ ಮೇಕೆ ಕಾಯೋನಾ? ಹೇಳಪ್ಪ, ಸಂಬಳ ಅದಕ್ಕೆ ತಕ್ಕ ಹಾಗೆ ಮಾಡೋಣ." ಹಿಂದೆಯೇ ಎಲ್ಲರೂ ನಗುವ ಮುಖದ ಚಿತ್ರ ಹಾಕಿದ್ದರು. ಹಾಕದಿದ್ದರೆ ಮುನಿಸು ಅಂದುಕೊಂಡಾರೆಂದು ಇಡೊಕೊ ತಾನೂ ಒಂದು ನಗುವ ಮುಖ ಹಾಕಿದ್ದ. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಸುಮ್ಮನೆ ನಿಂತಿದ್ದ. ಆ ಅದೆಗೊಕೆ ನಾಳೆ ಖುದ್ದಾಗಿ ಪಟ್ಟಣದ ದೊಡ್ಡ ಟವರ್ ನೋಡಲು ಬರುವವನಿದ್ದ.

ದೊಡ್ಡ ಟವರಿನ ಬ್ಯಾಟರಿಗಳು ಹೊಟ್ಟೆ ಉಬ್ಬಿಸಿಕೊಂಡು ಸತ್ತು ಎಷ್ಟೋ ಕಾಲವಾಗಿತ್ತು. ಹೊಸವು ಮುಂದಿನ ತಿಂಗಳು ಎಂಬ ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು. ಲೈನ್ ಕರೆಂಟನ್ನು ನಂಬುವಂತಿಲ್ಲದ ಈ ಸೀಮೆಯಲ್ಲಿ ಟವರ್ ಬದುಕುವುದು ಡೀಸೆಲ್ ಜನರೇಟರಿನಿಂದ. ಜನರೇಟರ್ ದಣಿವಾರಿಸಿಕೊಳ್ಳುವಾಗ ಬ್ಯಾಟರಿಯಿಂದ. ಹೀಗಾಗಿ ತಪಾಸಣೆ ಬಂತೆಂದರೆ ಎಲ್ಲ ಎಂಜಿನಿಯರುಗಳೂ ಒಂದೇ ಉಪಾಯ ಮಾಡುತ್ತಿದ್ದರು. ಯಾವುದಾದರೂ ಹಳ್ಳಿ ಟವರಿನ ಒಳ್ಳೆಯ ಬ್ಯಾಟರಿ ಕಳಚಿ ಪಟ್ಟಣದ್ದಕ್ಕೆ ಕೂರಿಸುವುದು, ಸಾಹೇಬ ಹೋದ ಮೇಲೆ ವಾಪಸು ತಂದಿಡುವುದು. "ಬ್ಯಾಟರಿ ನೆಂಟರ ಮನೆಗೆ ಹೋಗಿದೆ" ಎಂದು ತಮ್ಮತಮ್ಮಲ್ಲೇ ನಗುತ್ತಿದ್ದರು. ಕಂಪನಿಯ ಬ್ಯಾಟರಿ, ಕಂಪನಿಯ ಟವರ್, ಕಳ್ಳತನ ಎಲ್ಲಿ ಬಂತು? ಒಕೆಟೆ ಹಳ್ಳಿಯ ಟವರಿನಲ್ಲಿ ಎರಡು ಸಾಲು ಬ್ಯಾಟರಿ ಇತ್ತು. ಒಂದು ಸಾಲನ್ನು ಬೆಳಿಗ್ಗೆಯೇ ಕಳಚಿ ತಂದುಬಿಡು ಎಂದು ಇಡೊಕೊ ಸರಕು ಗಾಡಿಯ ಎಜೆಂಬಿಗೆ ಬೀಗದ ಇನ್ನೊಂದು ಕೈ ಕೊಟ್ಟು ಕಳಿಸಿದ್ದ. ಉಳಿದ ಸಾಲು ಸಂಜೆಯವರೆಗೆ ತಡೆದೀತು ಎಂದು ಅವನ ಲೆಕ್ಕ. ಅದು ತಡೆಯಲಿಲ್ಲ. ಎಜೆಂಬಿಯನ್ನು ಎದುರುಗೊಳ್ಳಲು ಒಕೆಟೆಯತ್ತ ಹೊರಟ ದಾರಿಯಲ್ಲೇ, ಟವರ್ ನಿಂತಿತೆಂದು ಅವನ ಫೋನಿನಲ್ಲಿ ಒಕೆಟೆಯ ಹೆಸರು ಕೆಂಪಾಗಿ ಮೂಡಿ, ಮರುಕ್ಷಣ ಅವನ ಫೋನಿನ ಸಿಗ್ನಲ್ಲೂ ಹೋಯಿತು.

ಹಾರ್ಮಟ್ಟಾನ್ ಎಂಬ ಚಳಿಗಾಲದ ಒಣಹವೆಯ ದೂಳು ಕೆಮ್ಮಣ್ಣಿನ ರಸ್ತೆಯ ಮೇಲೆ ಮುಸುಕು ಹಾಕಿತ್ತು. ಎಜೆಂಬಿ ಈಗ ಎದುರು ಸಿಗಬೇಕಿತ್ತು. ಅವನ ಸರಕು ಹೇರುವ ಮೂರು ಗಾಲಿಯ ಗಾಡಿ, ಅದರ ಸದ್ದು ಅರ್ಧ ಮೈಲಿಯಿಂದ ಕೇಳಿಸುತ್ತಿತ್ತು. ಓದು ಬರಹ ಇಲ್ಲದ, ಮಾತಿಗೆ ಮುಂಚೆ ನಗುವ ಮನುಷ್ಯ. ಇಡೊಕೊನ ಕೈ ಕೆಲಸ ಮಾಡುವುದನ್ನು ಬೆರಗಿನಿಂದ ನೋಡುತ್ತ ಕೂರುವವನು, ದೊಡ್ಡವರನ್ನೆಲ್ಲ ಕರೆಯುವ ಹಾಗೆ ಅವನನ್ನೂ ಓಗಾ, ಯಜಮಾನ, ಎನ್ನುವವನು. "ಓಗಾ, ನಿಮ್ಮ ಕೈಯಾಗೆ ಏನೈತೆ ಹೇಳಿ? ಸತ್ತ ಮಿಷೀನು ಎದ್ದು ಕೂತ್ಕಳ್ತದಲ್ಲ!" ಆ ಮಾತು ಕೇಳಲಿಕ್ಕೆಂದೇ ಇಡೊಕೊ ಅವನನ್ನು ಎಷ್ಟೋ ಸಲ ಕೆಲಸವಿಲ್ಲದಿದ್ದರೂ ಜೊತೆಗೆ ಕರೆದೊಯ್ದಿದ್ದ. ಒಮ್ಮೆ ಪೊಲೀಸ್ ಚೆಕ್‌ಪೋಸ್ಟಿನಲ್ಲಿ ಬ್ಯಾಟರಿ ಸಮೇತ ಎಜೆಂಬಿ ಸಿಕ್ಕಿಬಿದ್ದಾಗ ಕೆನ್ನೆ ಊದುವಂತೆ ಹೊಡೆದರೂ ಯಾರ ಹೆಸರನ್ನೂ ಹೇಳಿರಲಿಲ್ಲ. ಇಡೊಕೊ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ನಾಲ್ಕು ಮಾತಾಡಿ ಬಿಡಿಸಿ ತಂದಿದ್ದ. "ಏನೇ ಆಗ್ಲಿ, ನನ್ನ ಹೆಸರು ಎತ್ತಬೇಡ. ನಾನು ಬಂದೇ ಬರ್ತೀನಿ" ಎಂದು ಅಂದು ಹೇಳಿದ್ದು ಇಬ್ಬರ ನಡುವೆ ಕರಾರಾಗಿ ಉಳಿದುಬಿಟ್ಟಿತ್ತು.

ಒಕೆಟೆಯ ಸಂತೆ ಬಯಲಿಗೆ ಬಂದಾಗ ಇಡೊಕೊ ಪಿಕಪ್ ನಿಲ್ಲಿಸಿ ಇಳಿದ. ಜನ ಗೆಣಸಿನ ರಾಶಿಗಳನ್ನು ಬಿಟ್ಟು ಒಂದೇ ಕಡೆ ಮುತ್ತಿಕೊಂಡಿದ್ದರು. ಮೂರು ಗಾಲಿಯ ಗಾಡಿ ಮಗುಚಿ ಬಿದ್ದಿತ್ತು, ಚಾಪೆ ಹರಿದು ಅದರಡಿಯಿಂದ ನಾಲ್ಕು ಬ್ಯಾಟರಿ ಹೊರಚೆಲ್ಲಿದ್ದವು. ಊರಿನ ಫೋನುಗಳಲ್ಲೆಲ್ಲ ಸಿಗ್ನಲ್ ಸತ್ತ ಹೊತ್ತಿಗೇ ಚಾಪೆ ಮುಚ್ಚಿದ ಗಾಡಿ ಸಂತೆಯ ನಡುವೆ ಹಾದು ಹೋಗಿದೆ. ಇದಕ್ಕಿಂತ ಬೇರೆ ಸಾಕ್ಷಿ ಯಾರಿಗೆ ಬೇಕು? ಎಜೆಂಬಿಯನ್ನು ಗೆಣಸು ಮಾರುವ ಚಪ್ಪರದ ಕಂಬಕ್ಕೆ ಕಟ್ಟಿದ್ದರು. ಒಂದು ಕಣ್ಣು ಪೂರಾ ಮುಚ್ಚಿಹೋಗಿತ್ತು. ಬಲಗೈ ಮೊಣಕೈಯ ಹತ್ತಿರ ತಿರುಗಬಾರದ ಕಡೆಗೆ ತಿರುಗಿತ್ತು. ಇಡೊಕೊನನ್ನು ಕಂಡದ್ದೇ ಆ ಉಳಿದ ಒಂದು ಕಣ್ಣು ಬೆಳಗಿತು. ಅಯ್ಯೋ, ನಗಬೇಡವೋ ಎಂದು ಇಡೊಕೊ ಒಳಗೊಳಗೇ ಕೂಗಿಕೊಂಡ. ಎಜೆಂಬಿ ನಗಲಿಲ್ಲ. ಕರಾರು ನೆನಪಾಗಿ ತಲೆ ತಗ್ಗಿಸಿದ.

"ಬಂದ್ರು ಬಂದ್ರು, ಎಂಜಿನಿಯರ್ ಬಂದ್ರು!" ಜನ ದಾರಿ ಬಿಟ್ಟರು. ಅಗಡ ಎಂಬವನು, ಊರಿನ ಪಡ್ಡೆಗಳಿಗೆಲ್ಲ ಮುಂದಾಳು, ಕೈಯಲ್ಲಿ ಕಬ್ಬಿಣದ ಸಲಾಕೆ ಹಿಡಿದು ಎದುರಿಗೆ ಬಂದ. ಅವನ ಅಂಗಿಯ ಮುಂಭಾಗ ರಕ್ತದಿಂದ ಒದ್ದೆಯಾಗಿತ್ತು. "ಓಗಾ, ನೋಡಿ ಹೇಳಿ. ಈ ಬ್ಯಾಟರಿ ನಮ್ಮ ಟವರಿಂದಾ?"

"ಹೌದು," ಎಂದ ಇಡೊಕೊ. ಬೇರೆ ಏನು ಹೇಳಲು ಬರುತ್ತಿತ್ತು?

"ಇವನ ಗುರುತು ಇದೆಯಾ ನಿಮಗೆ?"

ಇಡೊಕೊ ಕಂಬದ ಕಡೆ ನೋಡಲಿಲ್ಲ. ಎದುರಿಗಿದ್ದ ಅಗಡನ ತಂಗಿ ಹೋದ ತಿಂಗಳು ಹೆರಿಗೆಯಲ್ಲಿ ಸತ್ತಿದ್ದಳು. ರಕ್ತ ನಿಲ್ಲದೆ, ಗಾಡಿಗೆ ಫೋನ್ ಮಾಡೋಣವೆಂದರೆ ಸಿಗ್ನಲ್ ಇಲ್ಲದೆ, ಅಗಡ ಫೋನ್ ಮೇಲೆತ್ತಿ ಹಿಡಿದು ಗುಡ್ಡದ ತನಕ ಓಡಿದ್ದನಂತೆ. ವಾಪಸು ಬರುವಾಗ ಅಳು ಕೇಳಿಸಿತಂತೆ. ಇಡೊಕೊ ಈ ಸುದ್ದಿ ಕೇಳಿದ್ದು ಕುನು ಮಾರುವವಳ ಅಂಗಡಿಯಲ್ಲಿ, ಲೋಟ ಬಾಯಿಗಿಟ್ಟುಕೊಂಡಾಗ. ಆ ವಾರವೂ ಒಕೆಟೆಯ ಬ್ಯಾಟರಿ ನೆಂಟರ ಮನೆಗೆ ಹೋಗಿತ್ತು. ಆ ದಿನ ಅವನು ಲೋಟದಲ್ಲಿದ್ದದ್ದನ್ನು ಪೂರ್ತಿ ಕುಡಿದಿದ್ದ, ಸಿಹಿ ಕಡಿಮೆಯಾಯಿತು ಎಂದೂ ಹೇಳಿದ್ದ. ಯಾಕೆ ಹಾಗೆ ಹೇಳಿದೆ ಎಂದು ಎಷ್ಟೋ ದಿನ ಕೊರೆಯುತ್ತಿತ್ತು. ಈಗ ನಾನೇ ಕಳಿಸಿದ್ದು ಎಂದರೆ ಆ ಕಂಬಕ್ಕೆ ಇನ್ನೊಂದು ಹಗ್ಗ ಬೀಳುತ್ತದೆ, ಅಷ್ಟೇ. "ಮುಖ ಎಲ್ಲೋ ನೋಡಿದ ಹಾಗಿದೆ," ಎಂದ. "ನೂರಾರು ಜನ ಬರ್ತಾರೆ, ಹೋಗ್ತಾರೆ. ಸರಿಯಾಗಿ ಗೊತ್ತಿಲ್ಲ."

ಕಂಬದ ಎದುರು ಮಣೆ ಹಾಕಿಕೊಂಡು ಒಬ್ಬ ದಪ್ಪ ಮುದುಕಿ ಕಾಲು ಚಾಚಿ ಕೂತಿದ್ದಳು. ಸಂತೆಯ ಹೆಂಗಸರಿಗೆಲ್ಲ ಯಜಮಾನಿ, ಒಚಾನ್ಯ, ಊರವರಿಗೆಲ್ಲ ಅವ್ವ. ಎಜೆಂಬಿ ಇನ್ನೂ ಉಸಿರಾಡುತ್ತಿದ್ದದ್ದು ಅವಳು ಅಲ್ಲಿ ಕೂತಿದ್ದರಿಂದ. "ಏಯ್ ಎಂಜಿನಿಯರ್, ಗೊತ್ತಿಲ್ಲ ಅಂದ್ಯಲ್ಲ, ಸರಿ. ಈಗ ನನ್ನ ಮಾತು ಕೇಳು. ಹಿಂದೆ ಒಬ್ಬ ಕಳ್ಳನ್ನ ಸುಟ್ಟಾಗ ಪೊಲೀಸ್ನೋರು ನಮ್ಮ ಹುಡುಗರನ್ನ ಎಳ್ಕಂಡ್ ಹೋದ್ರು, ಒಬ್ಬ ಇನ್ನೂ ವಾಪಸ್ ಬಂದಿಲ್ಲ. ಈ ಸಲ ಪೊಲೀಸರಿಗೆ ಹೇಳೇ ಒಪ್ಪಿಸೋದು. ಸಿಗ್ನಲ್ ಬರ್ಲಿ, ಅವರು ಹೊರಟ್ವಿ ಅನ್ನೋದು ನನ್ನ ಕಿವಿಗೆ ಬೀಳ್ಲಿ. ಅಲ್ಲೀತನಕ ನಾನು ಏಳಲ್ಲ. ಇವನ ಮೈ ಮುಟ್ಟೋರು ನನ್ನನ್ನ ದಾಟ್ಕಂಡ್ ಹೋಗ್ಲಿ."

"ಅವ್ವಾ, ಸಿಗ್ನಲ್ ಬರದೇ ಹೋದ್ರೆ?" ಅಗಡ ಹಲ್ಲು ಕಡಿದ.

"ಬರ್ತದೆ. ಇವನು ಯಾಕೆ ಬಂದಿರೋದು ಮತ್ತೆ, ನಿನ್ನ ಮದುವೆ ಊಟಕ್ಕಾ? ಹೋಗಪ್ಪ, ಬೇಗ ಮಾಡು. ಎಷ್ಟು ಹೊತ್ತಾದೀತು?"

"ನೋಡ್ಬೇಕಮ್ಮ," ಎಂದ ಇಡೊಕೊ. "ದೊಡ್ಡ ಕೆಲಸ ಇರೋ ಹಾಗಿದೆ."

ಸುಳ್ಳು. ಟವರಿನ ಬೇಲಿಯ ಬೀಗ ತೆಗೆಯುವಾಗಲೇ ಅವನಿಗೆ ಗೊತ್ತಿತ್ತು. ಜನರೇಟರ್ ತಾನಾಗಿ ಹೊತ್ತಿಕೊಳ್ಳದಿದ್ದದ್ದು ಅದನ್ನು ಎಬ್ಬಿಸುವ ಸಣ್ಣ ಬ್ಯಾಟರಿ ಸತ್ತಿದ್ದರಿಂದ. ಬದಲಿಸಬೇಕು ಬದಲಿಸಬೇಕು ಎಂದು ತಿಂಗಳಿನಿಂದ ತಾನೇ ಮುಂದೂಡಿಕೊಂಡು ಬಂದಿದ್ದ. ಪಿಕಪ್ಪಿನ ಬ್ಯಾಟರಿ ಬಿಚ್ಚಿ ತಂದು ತಂತಿ ಕೊಟ್ಟರೆ ಜನರೇಟರ್ ಏಳುತ್ತದೆ. ಅದು ಕೊಡುವ ಒರಟು ಕರೆಂಟನ್ನು ರೆಕ್ಟಿಫೈಯರ್ ಪೆಟ್ಟಿಗೆ ಹದ ಮಾಡಿ ಟವರಿಗೆ ಉಣಿಸುತ್ತದೆ. ಬ್ಯಾಟರಿ ಸಾಲು ಒಂದೂ ಇಲ್ಲದಿದ್ದರೂ ನಡೆಯುತ್ತದೆ. ಇದನ್ನು ಅವನು ಕಣ್ಣು ಮುಚ್ಚಿಕೊಂಡು ಮಾಡಬಲ್ಲ.

ಪಿಕಪ್ಪಿನ ಬ್ಯಾಟರಿ ಬಿಚ್ಚಿದ. ತಂದು ಜನರೇಟರಿನ ಪಕ್ಕ ನೆಲದ ಮೇಲಿಟ್ಟ. ಆಮೇಲೆ ಕೂತುಕೊಂಡ. ಪೊಲೀಸರು ಬರುತ್ತಾರೆ. ಎಜೆಂಬಿಯನ್ನು ಒಯ್ಯುತ್ತಾರೆ. ಚೆಕ್‌ಪೋಸ್ಟಿನ ಪೊಲೀಸರು ಬೇರೆ, ಠಾಣೆಯ ಒಳಕೋಣೆ ಬೇರೆ. ಅಲ್ಲಿ ಕಾಲು ಕಟ್ಟಿ ತಲೆಕೆಳಗಾಗಿ ನೇತುಹಾಕುತ್ತಾರಂತೆ. ಕಲ್ಲೂ ಮಾತಾಡೀತು. ಎಜೆಂಬಿ ಹೆಸರು ಹೇಳುತ್ತಾನೆ. ಹೋದ ತಿಂಗಳಿನದೂ ಹೊರಗೆ ಬರುತ್ತದೆ. ಅದರ ಜೊತೆ ಅಗಡನ ಸತ್ತ ತಂಗಿಯೂ ಬರುತ್ತಾಳೆ. ಅದೆಗೊಕೆ ಗುಂಪಿನಲ್ಲಿ ಎಲ್ಲರೆದುರು ಅವನಿಗೆ ಮಂಗಳಾರತಿ ಮಾಡುತ್ತಾನೆ, ಎಲ್ಲರೂ ನಗುವ ಮುಖ ಹಾಕುತ್ತಾರೆ. ಇಡೊಕೊಗೆ ತನ್ನ ಮೇಲೇ ಅಸಹ್ಯವಾಯಿತು: ಒಬ್ಬ ಕಂಬಕ್ಕೆ ಕಟ್ಟಿಸಿಕೊಂಡು ರಕ್ತ ಕಾರುತ್ತಿರುವಾಗ ತನಗೆ ನಗುವ ಮುಖಗಳ ಯೋಚನೆ. ಆದರೂ ಯೋಚನೆ ನಿಲ್ಲಲಿಲ್ಲ. ತಂತಿಯ ತುದಿಗೆ ಕಿಲುಬು ಕೂತಿದೆ, ಉಜ್ಜಬೇಕು ಎಂದುಕೊಂಡ. ಮರಳು ಕಾಗದ ತೆಗೆದು ಉಜ್ಜಿದ. ಕಿಲುಬು ಇರಲಿಲ್ಲ. ಹಿತ್ತಾಳೆ ಹೊಳೆಯುವ ತನಕ ಉಜ್ಜಿದ. ಎಣ್ಣೆ ನೋಡಬೇಕು ಎಂದುಕೊಂಡ, ನೋಡಿದ, ಒರೆಸಿ ಮತ್ತೆ ನೋಡಿದ. ಕೆಲಸ ಅಚ್ಚುಕಟ್ಟಾಗಿ ಮಾಡುವವನೆಂದು ಅವನಿಗೆ ಹೆಸರಿತ್ತು. ಯಾರಾದರೂ ನೋಡಿದ್ದರೆ ಈಗಲೂ ಹಾಗೆಯೇ ಅನ್ನುತ್ತಿದ್ದರು.

ಬೇಲಿಯಾಚೆಯಿಂದ ಪೆಟ್ಟಿನ ಸದ್ದು ಬಂತು. ಮುದುಕಿಯನ್ನು ದಾಟದೆಯೂ ಹೊಡೆಯುವ ದಾರಿ ಕಂಡುಕೊಂಡಿದ್ದರು, ದೂರದಿಂದ ಕಲ್ಲು. ಒಂದೊಂದು ಕಲ್ಲಿಗೂ ಜನ ಹೋ ಎನ್ನುತ್ತಿದ್ದರು, ಗುರಿ ತಪ್ಪಿದರೆ ನಗುತ್ತಿದ್ದರು. "ಏ, ನನ್ನ ಕಾಲಿಗೆ ಬಿತ್ತಲ್ಲೋ ನಿನ್ನ ಕೈ ಸೇದಿಹೋಗ!" ಎಂದು ಒಚಾನ್ಯ ಕೂಗಿದ್ದು ಕೇಳಿಸಿತು. ಎಜೆಂಬಿಯ ಧ್ವನಿಯೂ ಕೇಳಿಸಿತು. ಕಿರುಚಾಟ ನಿಂತು ಈಗ ಅದು ಮಾತಿನ ಹಾಗಿತ್ತು, ಏನೋ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. ನನ್ನ ಹೆಸರು ಹೇಳುತ್ತಿದ್ದಾನೆ ಎಂದುಕೊಂಡು ಇಡೊಕೊ ಮರಳು ಕಾಗದ ಕೆಳಗಿಟ್ಟ. ಕಿವಿಗೊಟ್ಟ. ಮಾತು ತಿಳಿಯಲಿಲ್ಲ. ಹೇಳಿದ್ದರೆ ಇಷ್ಟು ಹೊತ್ತಿಗೆ ಜನ ಬೇಲಿ ಮುರಿದು ನುಗ್ಗುತ್ತಿದ್ದರು, ಹೇಳಿಲ್ಲ ಎಂದು ಸಮಾಧಾನವಾಯಿತು. ಹೌದು, ಸಮಾಧಾನವೇ ಆಯಿತು. ಜ್ವರ ಬಿಟ್ಟವನಿಗೆ ಆಗುವಂಥ ಹಗುರ. ಆ ಹಗುರದಲ್ಲೇ ಇನ್ನೊಂದು ಯೋಚನೆ ತಾನಾಗಿ ಬಂದು ಪಕ್ಕದಲ್ಲಿ ಕೂತಿತು. ಅವನು ಹೀಗೆಯೇ ಹೇಳದೆಯೇ ಹೋದರೆ? ಛೀ ಎಂದು ಅದನ್ನು ಓಡಿಸಿದ. ಕೈ ಮಾತ್ರ ಮತ್ತೆ ಮರಳು ಕಾಗದ ಎತ್ತಿಕೊಂಡಿತ್ತು.

ಬೇಲಿಯ ಬಾಗಿಲು ಗಡಗಡ ಎಂದಿತು. ಅಗಡ. ಹಿಂದೆ ಇಬ್ಬರು, ಒಬ್ಬನ ಕೈಯಲ್ಲಿ ಖಾಲಿ ಡಬ್ಬ. "ಓಗಾ, ಎಲ್ಲಿಗೆ ಬಂತು ಕೆಲಸ?"

"ಆಗ್ತಾ ಇದೆ."

"ಆಗ್ತಾ ಇದೆ, ಆಗ್ತಾ ಇದೆ! ನನ್ನ ತಂಗಿ ಸಾಯೋವಾಗ್ಲೂ ನಿಮ್ಮ ಕಂಪನಿ ಇದೇ ಹೇಳ್ತಿತ್ತು." ಅಗಡ ಅಳುತ್ತಿದ್ದ. ಕೆನ್ನೆಯ ದೂಳಿನಲ್ಲಿ ಎರಡು ಗೆರೆ ಇಳಿದಿದ್ದವು. "ಮುದುಕಿ ಸುಸ್ತಾಗಿದಾಳೆ, ಹೆಂಗಸ್ರು ಕೈ ಹಿಡ್ದು ಎಬ್ಬಿಸ್ತಿದಾರೆ. ನಮ್ಗೆ ಪೊಲೀಸೂ ಬೇಡ ಗಿಲೀಸೂ ಬೇಡ. ನಿಮ್ಮ ಟ್ಯಾಂಕ್ ಬೀಗ ತೆಗೀರಿ. ಒಂದು ಡಬ್ಬ ಡೀಸೆಲ್ ಕೊಡಿ."

ಇಡೊಕೊ ಟ್ಯಾಂಕಿಗೆ ಬೆನ್ನು ಕೊಟ್ಟು ನಿಂತ. ಕೊಡಲಾರೆ ಎನ್ನಬೇಕಿತ್ತು. ಅವನನ್ನು ಕಳಿಸಿದವನು ನಾನು, ನನ್ನನ್ನು ಸುಡಿ ಎನ್ನಬೇಕಿತ್ತು. ಕೊನೆಗೆ, ಇನ್ನು ಸ್ವಲ್ಪ ಹೊತ್ತು ತಡೆಯಿರಿ, ಈಗಲೇ ಸಿಗ್ನಲ್ ಕೊಡುತ್ತೇನೆ ಎಂದಾದರೂ ಎನ್ನಬೇಕಿತ್ತು. ಅವನ ಬಾಯಿಂದ ಬಂದ ಮಾತು ಬೇರೆ. "ಡೀಸೆಲ್ ಬೇಗ ಹತ್ತಿಕೊಳ್ಳಲ್ಲ," ಎಂದ.

ಹೇಳಿದ್ದು ತಡೆಯಲಿಕ್ಕೆಂದು. ದೇವರಾಣೆಗೂ ತಡೆಯಲಿಕ್ಕೆಂದೇ, ಎಂದು ಆ ಕ್ಷಣದಲ್ಲೇ ಒಳಗೆ ವಾದ ಶುರುವಾಗಿತ್ತು. ಅಗಡ ಒಂದು ಗಳಿಗೆ ಅವನ ಮುಖ ನೋಡಿದ. "ಹೌದಲ್ಲ," ಎಂದ. "ಏ, ಬೈಕಿಂದ ಪೆಟ್ರೋಲ್ ಇಳಿಸ್ರೋ!" ಎಂದು ಕೂಗುತ್ತ ಓಡಿದ. ಹೋಗುವಾಗ ಬೇಲಿಯ ಬಾಗಿಲನ್ನು, ಒಳ್ಳೆಯ ಮನೆತನದವನ ಹಾಗೆ, ಮುಚ್ಚಿಕೊಂಡು ಹೋದ.

ಆಗ ಇಡೊಕೊನ ಕೈಗೆ ಜೀವ ಬಂತು. ತಂತಿ ಕಚ್ಚಿಸಿದ, ಕಿಡಿ ಹಾರಿತು, ಕೆಂಪು ಕಪ್ಪು ಅದಲುಬದಲಾಗಿದೆಯೇ ಎಂದು ನೋಡಲೂ ಇಲ್ಲ. ಒತ್ತಿದ. ಜನರೇಟರ್ ಗೊರಗೊರ ಎಂದು ಕೆಮ್ಮಿ ನಿಂತಿತು. "ಏಳೋ, ಏಳೋ ನಿನ್ನ!" ಎಂದು ಅದಕ್ಕೆ ಒದ್ದ. ಮತ್ತೆ ಒತ್ತಿದ. ನೆಲ ನಡುಗುವಂತೆ ಎದ್ದಿತು. ಕೋಣೆಯೊಳಗೆ ಓಡಿ ರೆಕ್ಟಿಫೈಯರ್ ಹಾಕಿದ. ಪೆಟ್ಟಿಗೆ ಗುಂಯ್ ಎಂದಿತು, ಒಂದರ ಹಿಂದೆ ಒಂದು ಹಸಿರು ದೀಪ. ಟವರಿನ ಉಪಕರಣ ಮೈಮುರಿದು ಏಳಲು ಅದಕ್ಕೆ ಅದರದೇ ಹೊತ್ತು ಬೇಕು, ಅವಸರ ಮಾಡಿದರೆ ಕೇಳುವುದಿಲ್ಲ. ಇಡೊಕೊ ಆ ದೀಪಗಳ ಮುಂದೆ ಮಂಡಿಯೂರಿ ಬೇಡಿಕೊಂಡ. ಜನರೇಟರಿನ ಅಬ್ಬರದಲ್ಲಿ ಹೊರಗಿನದೇನೂ ಕೇಳಿಸುತ್ತಿರಲಿಲ್ಲ, ಅದೊಂದು ಉಪಕಾರ. ಆದರೆ ವಾಸನೆಗೆ ಬಾಗಿಲಿಲ್ಲ. ಮೊದಲು ರಬ್ಬರಿನದು, ಟೈರಿನದು. ಆಮೇಲೆ ಇನ್ನೊಂದು ಬಂತು. ಇಡೊಕೊ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡ. ಬೆಳಗಿನಿಂದ ಹೊಟ್ಟೆಯಲ್ಲಿದ್ದದ್ದೆಲ್ಲ ಬಂತು, ಹಗುರ ಮಾತ್ರ ಆಗಲಿಲ್ಲ.

ಕೊನೆಯ ದೀಪವೂ ಹಸಿರಾಯಿತು. ಅವನು ಹೊರಗೆ ಬಂದಾಗ ಬಯಲಿನ ಮೇಲೆ ಕರಿ ಹೊಗೆ ಎದ್ದಿತ್ತು, ಗಾಳಿಯಿಲ್ಲದೆ ನೆಟ್ಟಗೆ. ಆ ಹೊಗೆಯ ಸುತ್ತ ನಿಂತವರ ಜೇಬುಗಳಲ್ಲಿ, ಸೊಂಟದ ಬಟ್ಟೆಗಳಲ್ಲಿ ಫೋನುಗಳು ಒಟ್ಟಿಗೆ ಕೂಗತೊಡಗಿದವು. ಹಾಡು, ಗಂಟೆ, ಚರ್ಚಿನ ಪ್ರಾರ್ಥನೆ, ಯಾವುದೋ ಮಗುವಿನ ನಗು. ಜನ ಬೆಚ್ಚಿ ಫೋನ್ ತೆಗೆದು ನೋಡಿದರು. ಕೆಲವರು ಮಾತಾಡುತ್ತ ದೂರ ಹೋದರು. ಕೆಲವರು ಫೋನ್ ಎತ್ತಿ ಹಿಡಿದು ಬೆಂಕಿಯ ಚಿತ್ರ ತೆಗೆಯತೊಡಗಿದರು. ಒಬ್ಬ ಹೆಂಗಸು, "ಹಾಂ, ಕೇಳಿಸ್ತಿದೆ, ಈಗ ಚೆನ್ನಾಗಿ ಕೇಳಿಸ್ತಿದೆ, ಗೆಣಸಿನ ರೇಟ್ ಏನಂತೆ ಅಲ್ಲಿ?" ಎಂದು ಕೇಳುತ್ತಿದ್ದಳು.

ಒಚಾನ್ಯ ಬೇಲಿಯ ಕಡೆ ನಡೆದು ಬಂದಳು. ಕಾಲಿಗೆ ಕಲ್ಲು ತಾಗಿದ್ದರಿಂದ ಕುಂಟುತ್ತಿದ್ದಳು, ತಲೆಯ ಬಟ್ಟೆ ಕಳಚಿ ಬಿಳಿ ಕೂದಲು ಕಾಣುತ್ತಿತ್ತು. ಅವಳು ಬಾಗಿಲು ತಳ್ಳಿದ ಹೊತ್ತಿಗೇ ಇಡೊಕೊನ ಫೋನೂ ಕೂಗಿತು. ಅದೆಗೊಕೆ. ಎತ್ತದಿದ್ದರೆ ಆಗುತ್ತಿತ್ತು. ಆದರೆ ಅದೆಗೊಕೆಯ ಹೆಸರು ಕಂಡರೆ ಅವನ ಬೆರಳು ಅವನ ಅಪ್ಪಣೆಗೆ ಕಾಯುತ್ತಿರಲಿಲ್ಲ.

"ಒಕೆಟೆ ಎದ್ದಿದೆಯಲ್ಲಯ್ಯ, ಭೇಷ್!" ಜನರೇಟರಿನ ಸದ್ದಿಗೆ ಇಡೊಕೊ ಫೋನಿನ ಧ್ವನಿಯನ್ನು ದೊಡ್ಡದು ಮಾಡಿದ್ದ, ಬೇಲಿಯ ತನಕ ಕೇಳಿಸುವಷ್ಟು. "ಏನಾಗಿತ್ತು?"

"ಜನರೇಟರಿನ ಬ್ಯಾಟರಿ, ಸಾರ್."

"ಅಷ್ಟೇನಾ? ರಿಪೇರಿಗೆ ಎಷ್ಟು ಹೊತ್ತು ಹಿಡೀತು? ಮೇಲಿನವರು ಕೇಳ್ತಾರೆ. ಅರ್ಧ ದಿನ ಮಾಡಿದೆ ಅನ್ಬೇಡ ಮತ್ತೆ, ಮೇಕೆ ಕಾಯೋನೆ."

"ಇಲ್ಲ ಸಾರ್," ಎಂದ ಇಡೊಕೊ. "ಹತ್ತೇ ನಿಮಿಷ."

ಒಚಾನ್ಯ ನಿಂತಲ್ಲೇ ನಿಂತಳು. ಫೋನಿನಲ್ಲಿ ಅದೆಗೊಕೆ ಇನ್ನೂ ಏನೋ ಹೇಳುತ್ತಿದ್ದ, ಆಮೇಲೆ ಅವನ ಧ್ವನಿಯೂ ನಿಂತಿತು. ಮುದುಕಿ ಇಡೊಕೊನ ಮುಖವನ್ನು, ಅವನ ಹೊಳೆಯುವ ತಂತಿಯ ತುದಿಗಳನ್ನು, ನೆಲದ ಮೇಲಿದ್ದ ಮರಳು ಕಾಗದವನ್ನು ನೋಡಿದಳು.

"ಹತ್ತು ನಿಮಿಷ," ಎಂದಳು. "ಅವನೂ ಅದನ್ನೇ ಹೇಳ್ತಿದ್ದ. ಹಲ್ಲೆಲ್ಲ ಉದುರಿತ್ತು, ಆದ್ರೂ ಅದೊಂದೇ ಮಾತು. ಹತ್ತು ನಿಮಿಷ ತಡೀರಿ ಅಣ್ಣಂದಿರಾ, ನಮ್ಮ ಓಗಾ ಒಳಗೆ ಹೋಗಿದಾರೆ, ಅವರ ಕೈಗೆ ಹತ್ತು ನಿಮಿಷ ಸಾಕು, ನಾನು ನೋಡಿದೀನಿ ಅಂತ. ನೀನು ಗೊತ್ತಿಲ್ಲ ಅಂದಿದ್ಯಲ್ಲ, ಯಾರ ಬಗ್ಗೆ ಹೇಳ್ತಾನೆ ಇವನು ಅಂದ್ಕಂಡೆ. ತಲೆ ಕೆಟ್ಟಿರಬೇಕು, ಪಾಪ, ಅಂದ್ಕಂಡೆ." ಅವಳು ಬೇಲಿಯ ಬಾಗಿಲು ಹಿಡಿದುಕೊಂಡಳು. "ನಾನು ಎಷ್ಟು ಹೊತ್ತು ಕೂತಿದ್ದೆ ಗೊತ್ತೇನೋ ನಿಂಗೆ?"

ಇಡೊಕೊ ಪಿಕಪ್ಪಿನ ಕಡೆ ನೋಡಿದ. ಓಡಬಹುದಿತ್ತು, ಆದರೆ ಪಿಕಪ್ಪಿನ ಬ್ಯಾಟರಿ ಇನ್ನೂ ಜನರೇಟರಿನ ಪಕ್ಕದಲ್ಲೇ ಇತ್ತು. ಅದನ್ನು ಬಿಚ್ಚಿ ಒಯ್ದು ಕೂರಿಸುವುದಕ್ಕೆ ಎಷ್ಟು ಹೊತ್ತು ಬೇಕೆಂದು ಅವನ ತಲೆ ಆಗಲೇ ಲೆಕ್ಕ ಹಾಕತೊಡಗಿತ್ತು. ಒಚಾನ್ಯ ಬಯಲಿನ ಕಡೆಗೆ ತಿರುಗಿದಳು. ಅಗಡ ಬೆಂಕಿಯಿಂದ ದೂರ, ಬೋರಲು ಹಾಕಿದ ಬುಟ್ಟಿಯ ಮೇಲೆ ತಲೆ ಹಿಡಿದು ಕೂತಿದ್ದ.

"ಅಗಡಾ," ಎಂದು ಅವಳು ಕರೆದಳು. "ಇಲ್ಲಿ ಬಾ ಮಗನೆ. ನಾವು ಸುಟ್ಟಿದ್ದು ಬೇರೆಯವನ್ನ."